ಉಲ್ಲನ್, ಉಣ್ಣೆ, ತುಪ್ಪಟ: ಕೊಳಾಲದ ಟಿಪ್ಪಣಿಗಳು

ಕಾರ್ತಿಕದ ಮೊದಲ ವಾರ. ಅತ್ತಿಗೆ ಡೈರಿಗೆ ಹಾಲು ಹಾಕಿ ಬಂದವರೇ ಸೀರೆ ಬದಲಿಸಿ, ಬಟ್ಟೆಯ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟರು. ತುಮಕೂರಿಗೆ, ಉಲ್ಲನ್ ತರಲು. ಅದೇ ಹೊತ್ತಿಗೆ ನಮ್ಮ ಬೀದಿಯಲ್ಲಿ ಕುರಿಮಂದೆ ಹಾದುಹೋಯಿತು. ಇನ್ನೂರಕ್ಕೆ ಕಡಿಮೆ ಇರಲಿಲ್ಲ. ಅತ್ತಿಗೆ ಗೋಡೆಗೆ ಒತ್ತಿ ನಿಂತು ಕುರಿಗಳಿಗೆ ದಾರಿ ಬಿಟ್ಟರು. ಮಂದೆ ದಾಟಿದ ಮೇಲೆ ಸೆರಗಿಗೆ ಅಂಟಿದ ಕೂದಲನ್ನು ಕೊಡವಿಕೊಂಡು ಬಸ್ಸಿಗೆ ಓಡಿದರು. ಮೈತುಂಬ ಉಣ್ಣೆ ಹೊತ್ತ ಇನ್ನೂರು ಜೀವ ಎದುರಿಗೇ ಹೋಗುತ್ತಿರುವಾಗ ಉಣ್ಣೆ ಕೊಳ್ಳಲು ಬಸ್ಸು ಹತ್ತುವುದು ಯಾಕೆ? ಬೆಂಗಳೂರಿನ ಕೆಲಸ ಮುಗಿಸಿ ಕೊಳಾಲಕ್ಕೆ, ಅಣ್ಣನ ಮನೆಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ನನಗೆ ಅರ್ಥವಾಗದ್ದನ್ನೆಲ್ಲ ಬರೆದಿಡುವ ನೋಟ್‌ಬುಕ್ಕಿನಲ್ಲಿ ಇವತ್ತಿನ ಪ್ರಶ್ನೆ ಇದು.

*

ಸಂಜೆ ಚೀಲ ಬಿಚ್ಚಿದರು. ತಿಳಿ ಹಳದಿಯ ನಾಲ್ಕು ಉಂಡೆ, ಬಿಳಿಯ ಎರಡು. ಸುತ್ತಿದ ಕಾಗದಪಟ್ಟಿ ಓದಿದೆ. ತಯಾರಾದದ್ದು ಲುಧಿಯಾನದಲ್ಲಿ. ನೂರಕ್ಕೆ ನೂರು ಅಕ್ರಿಲಿಕ್. ಅಂದರೆ ಕುರಿಯ ಒಂದು ಕೂದಲೂ ಅದರಲ್ಲಿಲ್ಲ. ಅಕ್ರಿಲಿಕ್ ಎಳೆಯ ಮೂಲ ಪೆಟ್ರೋಲಿಯಂ. ಅಮೆರಿಕದ ಡ್ಯೂಪಾಂಟ್ ಕಂಪನಿಯವರು 1941ರಲ್ಲಿ ಅದನ್ನು ಕಂಡುಕೊಂಡು, 1950ರ ಹೊತ್ತಿಗೆ ಆರ್ಲಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಹಾಗಿದ್ದರೆ ನಮ್ಮೂರಲ್ಲಿ ಎಲ್ಲರೂ ಉಲ್ಲನ್ ಅನ್ನುವುದು ಉಣ್ಣೆಯನ್ನಲ್ಲ. ಅದು ಬೇರೆಯದೇ ವಸ್ತು.

"ಅತ್ತಿಗೆ, ಇದು ಉಲ್ಲನ್ ಅಲ್ಲ" ಅಂದೆ.

"ಉಲ್ಲನ್ನೇ ಕಣಪ್ಪ. ಕುರಿದಾದ್ರೆ ಅದು ತುಪ್ಪಟ" ಅಂದರು.

ಅವರ ಮಾತಿನಲ್ಲಿ ಗೊಂದಲವೇ ಇಲ್ಲ. ಅಂಗಡಿಯದು ಉಲ್ಲನ್, ಕುರಿಯ ಮೈಮೇಲಿನದು ತುಪ್ಪಟ. ಉಣ್ಣೆ ಅನ್ನುವ ಮಾತು ಪುಸ್ತಕದಲ್ಲಿ ಉಳಿದಿದೆ. ಮಾತಿನಲ್ಲಿ ಉಣ್ಣೆ ಎಂದರೆ ದನದ ಕಿವಿ, ಕೆಚ್ಚಲಿಗೆ ಹತ್ತುವ ಹುಳವೂ ಹೌದಾದ್ದರಿಂದ, ದನಕರು ಇರುವ ಮನೆಯಲ್ಲಿ ಆ ಪದಕ್ಕೆ ಅಷ್ಟು ಮರ್ಯಾದೆ ಇಲ್ಲ. ಆದರೆ ಉಲ್ಲನ್ ಮತ್ತು ಉಣ್ಣೆ ಪರಕೀಯರಲ್ಲ. ಉಣ್ಣೆ ಬಂದದ್ದು ಸಂಸ್ಕೃತದ ಊರ್ಣದಿಂದ. ಎಳೆ ತೆಗೆಯುವ ಜೇಡನನ್ನು ಊರ್ಣನಾಭ ಅನ್ನುವುದೂ ಅದರಿಂದಲೇ. ಇಂಗ್ಲಿಷಿನ ವುಲ್ ಕೂಡ ಅದೇ ಹಳೆಯ ಬೇರಿನದು. ಸಾವಿರಾರು ವರ್ಷ ಹಿಂದೆ ಅಗಲಿದ ಎರಡು ಪದಗಳು ಕೊಳಾಲದ ಒಂದು ಪಡಸಾಲೆಯಲ್ಲಿ ಮತ್ತೆ ಎದುರಾಗಿವೆ. ಆದರೆ ಒಂದರ ಗುರುತು ಇನ್ನೊಂದಕ್ಕಿಲ್ಲ.

*

ನೂಲು ಕೊಳ್ಳುವುದನ್ನು ನೋಡಲೆಂದೇ ಮುಂದಿನ ಸಲ ಜೊತೆಗೆ ಹೋದೆ. ಈ ಸಲ ಬೆಂಗಳೂರಿಗೆ, ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆಗೆ. ಲೇಸು, ಗುಂಡಿ, ಮಣಿ, ಕುಚ್ಚಿನ ದಾರದ ಅಂಗಡಿಗಳು ಒತ್ತೊತ್ತಾಗಿರುವ ಜಾಗ. ನಾನು ಆ ರಸ್ತೆಯಲ್ಲಿ ಮೂವತ್ತು ವರ್ಷ ಓಡಾಡಿದ್ದೇನೆ. ಒಂದು ಉಂಡೆ ನೂಲು ಕಣ್ಣಿಗೆ ಬಿದ್ದಿರಲಿಲ್ಲ.

ಅತ್ತಿಗೆ ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಮೊದಲು ಉಂಡೆಯನ್ನು ಅಂಗಡಿಯ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ತಿರುಗಿಸಿ ನೋಡಿದರು. ಟ್ಯೂಬ್‌ಲೈಟಿನ ಬಣ್ಣವನ್ನು ಅವರು ನಂಬುವುದಿಲ್ಲ. ಆಮೇಲೆ ಕತ್ತಿಗೆ, ಗಲ್ಲದ ಕೆಳಗೆ ಒತ್ತಿಕೊಂಡರು. ಎಳೆಯ ತುದಿ ಹಿಡಿದು ಹುರಿ ಬಿಚ್ಚಿ ಎಣಿಸಿದರು. ನಾಲ್ಕೆಳೆ ಇತ್ತು. ಕೊನೆಗೆ ಕನ್ನಡಕ ಹಾಕಿಕೊಂಡು ಪ್ರತಿ ಉಂಡೆಯ ಪಟ್ಟಿಯ ಮೇಲಿದ್ದ ಲಾಟ್ ನಂಬರನ್ನು ಒಂದಕ್ಕೊಂದು ತಾಳೆ ನೋಡಿದರು. ಬಣ್ಣದ ಕಡಾಯಿಗೆ ಒಂದು ಸಲ ಇಳಿದ ನೂಲಿಗೆಲ್ಲ ಒಂದು ನಂಬರು. ಮರುದಿನ ಅದೇ ಬಣ್ಣ, ಅದೇ ಅಳತೆ ಹಾಕಿದರೂ ಛಾಯೆ ಕೂದಲೆಳೆಯಷ್ಟು ಬದಲಾಗುತ್ತದೆ. ಉಂಡೆಯಲ್ಲಿ ಅದು ಕಾಣುವುದಿಲ್ಲ. ಬೆನ್ನಿನ ಅಗಲಕ್ಕೆ ಹೆಣೆದ ಮೇಲೆ ಗೆರೆ ಎಳೆದ ಹಾಗೆ ಎದ್ದು ನಿಲ್ಲುತ್ತದೆ.

ಅವರಿಗೆ ಒಂದು ಸಲ ಹಾಗೆ ಆಗಿತ್ತಂತೆ, ಬೇರೊಂದು ಊರಿನ ಅಂಗಡಿಯಲ್ಲಿ. "ಒಂದೇ ಬಣ್ಣ ಅಂತ ಕೊಟ್ಟ. ಮನೆಗೆ ಬಂದು ಬಿಸಿಲಿಗೆ ಹಿಡಿದ್ರೆ ಒಂದು ಬದನೆಕಾಯಿ, ಇನ್ನೊಂದು ನೇರಳೆಹಣ್ಣು." ಅವತ್ತಿನಿಂದ ಲೆಕ್ಕಕ್ಕಿಂತ ಒಂದು ಉಂಡೆ ಹೆಚ್ಚಿಗೆ ಕೊಳ್ಳುತ್ತಾರೆ. "ಹೆಚ್ಚಾದ್ರೆ ಕುಲಾವಿ ಆಗುತ್ತೆ. ಕಮ್ಮಿ ಆದ್ರೆ ಏನೂ ಆಗಲ್ಲ."

*

ಕಡ್ಡಿಗಳ ನಂಬರು ತಲೆಕೆಳಗು. ಒಂದು ಜೊತೆಯ ತಲೆಯ ಮೇಲೆ 8, ಒಂದರ ಮೇಲೆ 10, ಇನ್ನೊಂದರ ಮೇಲೆ 12. ಹನ್ನೆರಡೇ ದಪ್ಪ ಅಂದುಕೊಂಡಿದ್ದೆ, ಅದೇ ಎಲ್ಲಕ್ಕಿಂತ ಸಣ್ಣದು. ಈಗಿನ ಅಳತೆಗೆ ತಿರುಗಿಸಿದರೆ 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಇದಕ್ಕೆ ಉತ್ತರ ಸಿಕ್ಕಿದ್ದು ಕೊರಟಗೆರೆಯಲ್ಲಿ, ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವರ ಅಂಗಡಿಯಲ್ಲಿ. ಅಲ್ಲಿನ ತಾಮ್ರದ ತಂತಿಗೂ ಇದೇ ಲೆಕ್ಕ. ಗೇಜ್ ನಂಬರು ಹೆಚ್ಚಿದಷ್ಟೂ ತಂತಿ ಸಣ್ಣ. ಬ್ರಿಟಿಷರ ಕಾಲದ ತಂತಿ ಅಳತೆ ಅದು. ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತಿನೊಳಗೆ ಎಳೆದೆಳೆದು ತೆಳುಮಾಡುತ್ತಿದ್ದರು. ಎಳೆತ ಹೆಚ್ಚಿದಂತೆ ನಂಬರು ಏರುತ್ತದೆ, ದಪ್ಪ ಇಳಿಯುತ್ತದೆ. ಹೆಣಿಗೆಯ ಕಡ್ಡಿಗೂ ಅದನ್ನೇ ಹಚ್ಚಿದರು. ಅಣ್ಣನ ತೋಟಕ್ಕೆ ನೀರೆತ್ತುವ ಮೋಟಾರಿಗೂ ಅತ್ತಿಗೆಯ ಕಡ್ಡಿಗೂ ಒಂದೇ ವಂಶದ ಅಳತೆ.

*

ಅಡುಗೆಮನೆಯ ಬಾಗಿಲ ಪಕ್ಕ ಬೆಂಗಳೂರು ಪ್ರೆಸ್ ಕ್ಯಾಲೆಂಡರ್. ಅದರ ಚೌಕಗಳಲ್ಲಿ ಅತ್ತಿಗೆಯ ಯೋಜನೆಗಳಿವೆ. ಗ್ಯಾಸ್ ಬಂದ ದಿನ, ಹಸು ಕೊಡಿಸಿದ ದಿನ, ಸಂಘದ ಕಂತು ಕಟ್ಟುವ ದಿನ, ಅವುಗಳ ನಡುವೆ ಸಣ್ಣ ಅಕ್ಷರದಲ್ಲಿ "ಕುಲಾವಿ 2", "ಕಾಲುಚೀಲ 3 ಜೊತೆ", "ತೋರಣ", "ಮಫ್ಲರ್ ಸೆಕ್ರೆಟರಿ ಅಮ್ಮಂಗೆ". ಸೊಸೆಗೆ ಧನುರ್ಮಾಸದಲ್ಲಿ ದಿನ ತುಂಬುತ್ತದೆ. ಆ ಚೌಕದ ಸುತ್ತ ಕೆಂಪು ಗೆರೆ, ಅದರ ಹಿಂದಿನ ಎರಡು ವಾರ ಖಾಲಿ. ಖಾಲಿ ಯಾಕೆ ಅಂತ ಕೇಳಿದೆ. ಮಗು ಮುಂಚೆ ಬಂದರೆ ಎಲ್ಲ ತಯಾರಿರಬೇಕಂತೆ. ಅಣ್ಣ ಕಡಲೆಕಾಯಿ ಬಿತ್ತುವಾಗ ಮಳೆಗೆ ಇಷ್ಟು ಜಾಗ ಬಿಟ್ಟು ಲೆಕ್ಕ ಹಾಕಿದ್ದು ನಾನು ಕಂಡಿಲ್ಲ.

ಹೆಣೆಯುವ ಹೊತ್ತು ಇಂಥದ್ದೇ ಅಂತಿಲ್ಲ. ರಾತ್ರಿ ತ್ರೀಫೇಸ್ ಕರೆಂಟು ಬರುವುದನ್ನು ಅಣ್ಣ ಕಾಯುತ್ತಿರುವಾಗ, ಮುದ್ದೆಗೆ ಎಸರು ಕುದಿಯುವಷ್ಟು ಹೊತ್ತು, ಡೈರಿಯ ಸಾಲಿನಲ್ಲಿ. ಒಂದು ಸೀದಾ, ಒಂದು ಉಲ್ಟಾ. ಕಣ್ಣು ಕೈಮೇಲಿರುವುದೇ ಇಲ್ಲ. ಮಾತು ನಿಲ್ಲಿಸಿದರೆ ಎಣಿಸುತ್ತಿದ್ದಾರೆ ಅಂತ ತಿಳಿಯಬೇಕು. ಆಗ ಯಾರೂ ಮಾತಾಡಿಸುವ ಹಾಗಿಲ್ಲ, ಮನೆಗೆ ಬಂದ ನೆಂಟರೂ.

*

ನನ್ನನ್ನು ತುಂಬ ಕಾಡಿದ್ದು ಇದು. ಮಗುವಿನ ಸ್ವೆಟರ್ ಕಂಕುಳವರೆಗೆ ಬಂದಿತ್ತು. ನಿನ್ನೆ ರಾತ್ರಿ ಅತ್ತಿಗೆ ಅದನ್ನು ದೀಪಕ್ಕೆ ಹಿಡಿದು ನೋಡಿದರು, ಕಡ್ಡಿ ಎಳೆದರು, ಬಿಚ್ಚತೊಡಗಿದರು. ಹತ್ತು ದಿನದ ಕೆಲಸ ಹತ್ತು ನಿಮಿಷದಲ್ಲಿ ಸುಕ್ಕುಸುಕ್ಕಾದ ನೂಲಾಗಿ ಮಡಿಲಿಗೆ ಬಿತ್ತು. ಮೂವತ್ತು ಸಾಲು ಕೆಳಗೆ ಎರಡು ಕುಣಿಕೆ ಒಂದಾಗಿದ್ದವಂತೆ.

"ಯಾರಿಗೆ ಕಾಣುತ್ತಿತ್ತು ಅತ್ತಿಗೆ?"

"ಕಾಣೋದು ಬಿಡು. ಹಾಕ್ಕೊಂಡ ಕೂಸಿಗೆ ಕಂಕುಳಲ್ಲಿ ಹಿಡಿಯುತ್ತೆ. ಅದು ಬಾಯಿ ಬಿಟ್ಟು ಹೇಳುತ್ತಾ?"

ನೂಲನ್ನು ಲಡಿ ಮಾಡಿ, ನೀರಲ್ಲಿ ಅದ್ದಿ, ಹಗ್ಗದ ಮೇಲೆ ಒಣಹಾಕಿದರು. ಬೆಳಿಗ್ಗೆ ಸುಕ್ಕು ಬಹುಮಟ್ಟಿಗೆ ಹೋಗಿತ್ತು. ಮೊದಲಿಂದ ಶುರು.

*

ಕಡ್ಡಿಪೆಟ್ಟಿಗೆ ಪರೀಕ್ಷೆ. ಅತ್ತಿಗೆಯೇ ತೋರಿಸಿದರು. ಉಲ್ಲನ್ ಎಳೆಗೆ ಬೆಂಕಿ ತಾಗಿಸಿದರೆ ಭಗ್ಗನೆ ಹತ್ತಿ, ಕರಗಿ, ತುದಿಯಲ್ಲಿ ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಬೀದಿಯಲ್ಲಿ ಆರಿಸಿದ ತುಪ್ಪಟಕ್ಕೆ ತಾಗಿಸಿದರೆ ಚುರುಗುಟ್ಟಿ ತಾನೇ ಆರಿತು, ಕೂದಲು ಸುಟ್ಟ ವಾಸನೆ ಬಂತು, ಬೆರಳಲ್ಲಿ ಉಜ್ಜಿದರೆ ಬೂದಿ.

ಇದು ಆಟಕ್ಕೆ ತೋರಿಸಿದ್ದಲ್ಲ. ಬಾಣಂತಿ ಮನೆಯಲ್ಲಿ ಮಗುವಿಗೆ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುತ್ತಾರೆ. ಆ ಹೊತ್ತಿಗೆ ಉಲ್ಲನ್ ಕುಲಾವಿ, ಸ್ವೆಟರ್ ಮಗುವಿನ ಮೈಮೇಲೆ ಇರಕೂಡದು ಎಂದು ಅತ್ತಿಗೆ ಸೊಸೆಗೂ ಬೀಗಿತ್ತಿಗೂ ಮೊದಲೇ ಹೇಳಿಟ್ಟಿದ್ದಾರೆ. ಒಂದು ಕಿಡಿ ಹಾರಿದರೆ ಅದು ಸುಟ್ಟು ಬೀಳುವುದಿಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಹೊಗೆ ಮುಗಿದು ಕೆಂಡ ಹೊರಗೆ ಹೋದ ಮೇಲೆ ಕುಲಾವಿ. ಹೆಣೆದು ಕೊಡುವ ಪ್ರತಿ ಮನೆಯಲ್ಲೂ ಅವರು ಈ ಮಾತು ಹೇಳಿಯೇ ಕೊಡುತ್ತಾರೆ. ಅಂಗಡಿಯಲ್ಲಿ ಕೊಂಡು ತಂದ ಕುಲಾವಿಯ ಜೊತೆ ಈ ಮಾತು ಬರುವುದಿಲ್ಲ.

*

ಅಕ್ಕಿರಾಂಪುರದ ಸಂತೆ. ನಮ್ಮ ಕೊರಟಗೆರೆ ತಾಲ್ಲೂಕಿನದೇ. ಕುರಿ ಮೇಕೆ ವ್ಯಾಪಾರಕ್ಕೆ ದೂರದೂರದಿಂದ ಲಾರಿಗಳು ಬರುತ್ತವೆ. ನಾನು ಒಂದು ಮೂಲೆಯಲ್ಲಿ ನಿಂತು ಎರಡು ಗಂಟೆ ನೋಡಿದೆ. ಬೆನ್ನು ಒತ್ತಿ ನೋಡುತ್ತಾರೆ, ಸೊಂಟ ಹಿಡಿದು ಎತ್ತುತ್ತಾರೆ, ಹಲ್ಲು ನೋಡುತ್ತಾರೆ. ಟವಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಎರಡು ಗಂಟೆಯಲ್ಲಿ ಒಬ್ಬರೂ ತುಪ್ಪಟದ ಮಾತೆತ್ತಲಿಲ್ಲ. ಒಬ್ಬ ಹಿರಿಯರನ್ನು ನಾನೇ ಕೇಳಿದೆ. "ಕತ್ತರಿಸೋ ಆಳಿನ ಕೂಲಿ ಹುಟ್ಟಲ್ಲ ಸ್ವಾಮಿ. ಕುರಿಗೆ ಸೆಕೆ ಆಗ್ತದೆ ಅಂತ ಕತ್ತರಿಸ್ತೀವಿ, ಬೇಲಿಗೆ ಎಸೀತೀವಿ" ಅಂದರು. ವಾಪಸು ಬರುವ ದಾರಿಯಲ್ಲಿ ಒಂದು ಬೇಲಿಯ ಬುಡದಲ್ಲಿ ಅದನ್ನೇ ಕಂಡೆ. ಕಪ್ಪು, ಕಂದು, ಬಿಳಿ ರಾಶಿ, ಮಳೆಗೆ ನೆನೆದು ಮುದ್ದೆಯಾಗಿತ್ತು. ತೆಂಗಿನ ಬುಡಕ್ಕೆ ಹಾಕುವವರೂ ಇದ್ದಾರೆ. ಸಾರಜನಕ ಇರುವುದರಿಂದ ಅದು ಗೊಬ್ಬರವಾಗುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯದು. ಆದರೂ ಆ ರಾಶಿ ನೋಡಿ ನನಗೆ ಸಂಕಟವಾಯಿತು.

ಯಾಕೆಂದರೆ ಈ ಸೀಮೆಯಲ್ಲಿ ಆ ಕೂದಲಿಗೆ ಒಂದು ಕಾಲದಲ್ಲಿ ಇದ್ದ ಜಾಗ ಚಿಕ್ಕದಲ್ಲ. ಕುರುಬರಲ್ಲಿ ಮದುವೆಯ ಕಂಕಣಕ್ಕೆ ಉಣ್ಣೆಯ ದಾರ ಕಟ್ಟುವವರು ಉಣ್ಣೆಕಂಕಣದವರು, ಹತ್ತಿಯ ದಾರ ಕಟ್ಟುವವರು ಹತ್ತಿಕಂಕಣದವರು. ಒಂದು ಎಳೆ ನೂಲು ಬಳಗದ ಹೆಸರೇ ಆಗಿದೆ. ದೇವರನ್ನು ಕೂರಿಸಲು ಕಂಬಳಿ ಗದ್ದುಗೆ, ಮಳೆಗೆ ಕಂಬಳಿ ಕೊಪ್ಪೆ, ಕಣದಲ್ಲಿ ರಾತ್ರಿ ಕಾವಲಿಗೆ ಕಂಬಳಿ. ಕಂಬಳಿಯಲ್ಲಿ ಊಟ ಮಾಡುತ್ತಾ ಕೂದಲು ಆರಿಸಿದ ಹಾಗೆ ಅನ್ನುವ ಗಾದೆ ಹುಟ್ಟಬೇಕಾದರೆ ಕಂಬಳಿ ಪ್ರತಿ ಮನೆಯಲ್ಲೂ ಹಾಸಿಯೇ ಇದ್ದಿರಬೇಕು.

*

ಅಟ್ಟದಿಂದ ತಾತನ ಕರಿಕಂಬಳಿ ಇಳಿಸಿದೆವು. ಕೈಯಲ್ಲಿ ಹಿಡಿದರೆ ಭಾರ, ಮುಖಕ್ಕೆ ತಾಗಿದರೆ ಚುಚ್ಚುತ್ತದೆ. ಅತ್ತಿಗೆ ಒಂದು ಅಂಚಿನ ಎಳೆ ಬಿಡಿಸಿ ತಮ್ಮ ಉಲ್ಲನ್ ಎಳೆಯ ಪಕ್ಕ ಇಟ್ಟರು. ನನ್ನ ಮೊದಲ ದಿನದ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಸ್ವೆಟರಿಗೆ ಹೆಸರಾದ ಮೆರಿನೊ ಕುರಿಯ ಎಳೆಯ ದಪ್ಪ 24 ಮೈಕ್ರಾನಿಗಿಂತ ಕಡಿಮೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಳೆ 30 ಮೈಕ್ರಾನ್ ದಾಟಿತೆಂದರೆ ಅದರ ತುದಿ ಚರ್ಮಕ್ಕೆ ತಾಗಿದಾಗ ಬಾಗುವುದಿಲ್ಲ, ಮುಳ್ಳಿನಂತೆ ಒತ್ತುತ್ತದೆ. ಕಂಬಳಿ ಚುಚ್ಚುವುದು ಇದರಿಂದ. ನಮ್ಮ ಬಳ್ಳಾರಿ, ದಖನಿ ಕುರಿಗಳ ತುಪ್ಪಟದಲ್ಲಿ ಇಂಥ ಒರಟು ಎಳೆಗಳೇ ಬಹಳ. ಒಂದು ಕುರಿಯಿಂದ ವರ್ಷಕ್ಕೆ ಒಂದು ಕಿಲೋ ಕೂಡ ಸಿಗುವುದಿಲ್ಲ. ಹಾಗೆಂದು ಕುರಿಯದು ತಪ್ಪೇ? ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು, ಜಾಲಿಯ ಕಾಯಿ, ಒಣಹುಲ್ಲು ತಿಂದು, ಮಳೆ ಬಂದರೆ ನೆನೆದು, ಮೈ ಕೊಡವಿ ಮತ್ತೆ ನಡೆಯಬೇಕಾದ ಪ್ರಾಣಿ ಅದು. ದಟ್ಟವಾದ ನಯ ಉಣ್ಣೆ ಇದ್ದಿದ್ದರೆ ಪಾವಗಡದ ಬೇಸಿಗೆಯಲ್ಲಿ ಅದು ಬದುಕುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಮೆರಿನೊ ತಳಿ ತರಿಸಿ ಇಲ್ಲಿನ ಉಣ್ಣೆ ಸುಧಾರಿಸಲು ನೋಡಿದರು. ಅವರು 1834ರಿಂದ 1861ರವರೆಗೆ ಆ ಹುದ್ದೆಯಲ್ಲಿದ್ದರು. ಇವತ್ತು ನಮ್ಮ ಬೀದಿಯಲ್ಲಿ ಹಾದುಹೋಗುವ ಮಂದೆಯಲ್ಲಿ ಆ ಪ್ರಯತ್ನದ ಗುರುತು ಕಾಣುವುದಿಲ್ಲ. ನೆಲ ತನಗೆ ಬೇಕಾದ ಕುರಿಯನ್ನೇ ಉಳಿಸಿಕೊಂಡಿದೆ.

ಆದ್ದರಿಂದ ಅತ್ತಿಗೆ ಬಸ್ಸು ಹತ್ತುವುದು ಸರಿಯೇ. ಕೂಸಿನ ಕತ್ತಿಗೆ ಈ ತುಪ್ಪಟ ಆಗುವುದಿಲ್ಲ. ನಾನು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು: ಕೂಸಿನ ಕತ್ತಿಗೆ ಆಗದ್ದು ಇನ್ನು ಯಾವುದಕ್ಕೆ ಆಗುತ್ತದೆ?

*

ಶಿರಾ ಕಡೆಯ ಒಂದು ಊರು. ರಾಟೆಯಲ್ಲಿ ತುಪ್ಪಟ ನೂಲುವ ಅಜ್ಜಿಯೊಬ್ಬರು ಇದ್ದಾರೆಂದು ಡೈರಿಯಲ್ಲಿ ಯಾರೋ ಹೇಳಿದ್ದರು. ಅತ್ತಿಗೆ, ನಾನು ಹೋದೆವು. ಜಗಲಿಯ ಮೇಲೆ ರಾಟೆ, ಪಕ್ಕದಲ್ಲಿ ಹಿಂಜಿದ ತುಪ್ಪಟದ ರಾಶಿ. ಒಳಗೆ ಗುಣಿಮಗ್ಗ, ಮೇಲೆ ಹಾಸು ಬಿಗಿದಿರಲಿಲ್ಲ. ನೇಯುತ್ತಿದ್ದ ಯಜಮಾನರು ತೀರಿಕೊಂಡಿದ್ದಾರೆ. ಮಗ ತುಮಕೂರಿನಲ್ಲಿ ಕೆಲಸಕ್ಕಿದ್ದಾನೆ.

ಅಜ್ಜಿ ಕೆಲಸದ ವಿವರವೆಲ್ಲ ಹೇಳಿದರು. ಕತ್ತರಿಸುವ ಮೊದಲು ಕುರಿಗಳನ್ನು ಕೆರೆಯಲ್ಲಿ ಮೈತೊಳೆಯಬೇಕು. ವರ್ಷಕ್ಕೆ ಎರಡು ಸಲ ಕತ್ತರಿ. ಮರಿಯ ಮೊದಲ ಕತ್ತರಿಯ ತುಪ್ಪಟವೇ ಎಲ್ಲಕ್ಕಿಂತ ಮೆದು. ಹುಟ್ಟುಕಪ್ಪು ಬೇರೆ ಇಡಬೇಕು, ಅದಕ್ಕೆ ಬಣ್ಣ ಬೇಡ. ಹಿಂಜಿ, ನೂತು, ಹಾಸು ಹೂಡಿದ ಮೇಲೆ ಹುಣಸೆಬೀಜ ಹುರಿದು, ಅರೆದು, ಕುದಿಸಿದ ಗಂಜಿಯನ್ನು ಎಳೆಗಳಿಗೆ ಬಳಿಯಬೇಕು. ಆ ಗಂಜಿಯಿಂದಲೇ ಎಳೆ ಮಗ್ಗದ ಏಟು ತಡೆಯುವುದು, ಕಂಬಳಿ ಬಿಗಿಯಾಗುವುದು. ತುಮಕೂರು ಸೀಮೆಯಲ್ಲಿ ಹುಣಸೆಮರಕ್ಕೆ ಬರವಿಲ್ಲ. ಕುರಿ ಈ ನೆಲದ್ದು, ಗಂಜಿ ಈ ನೆಲದ್ದು. ಹೊರಗಿನಿಂದ ಒಂದು ಕಾಸಿನ ಸಾಮಾನು ಬೇಡದ ಕಸುಬು ಇದು. ಇದಕ್ಕೆ ಈಗ ಬೇಕಾಗಿರುವುದು ಕೊಳ್ಳುವ ಜನ ಮಾತ್ರ.

ಅಜ್ಜಿ ಅತ್ತಿಗೆಯ ಕೈಯಲ್ಲಿದ್ದ ಅರ್ಧ ಹೆಣೆದ ಕಾಲುಚೀಲ ಇಸಕೊಂಡು ಒಳಗೆ ಹೊರಗೆ ತಿರುಗಿಸಿ ನೋಡಿದರು. "ಮಗ್ಗ ಇಲ್ಲದೆ ನೇಯ್ತೀಯಲ್ಲವ್ವ" ಅಂದರು. ಅತ್ತಿಗೆ ಅಜ್ಜಿಯ ಎಳೆ ಹಿಡಿದು ಹುರಿ ನೋಡಿದರು. ಇಬ್ಬರೂ ಅರ್ಧ ಗಂಟೆ ನನಗೆ ತಿಳಿಯದ ಭಾಷೆಯಲ್ಲಿ ಮಾತಾಡಿದರು, ಹೆಚ್ಚಿನದು ಬೆರಳಿನಲ್ಲಿ. ಬರುವಾಗ ಮೂರು ದೊಡ್ಡ ಉಂಡೆ ಕರಿನೂಲು ಕೊಂಡೆವು. ಅಜ್ಜಿ ಬೆಲೆ ಹೇಳಲು ಹಿಂಜರಿದರು. ನೂಲನ್ನೇ ಕೇಳಿ ಬಂದವರು ಯಾರೂ ಇರಲಿಲ್ಲವಂತೆ.

*

ಮೊದಲ ಪ್ರಯತ್ನ ಕೆಟ್ಟಿತು. ರಾಟೆಯ ಒಂಟಿ ಎಳೆಗೆ ಹುರಿ ಜಾಸ್ತಿ. ಹೆಣೆದ ತುಂಡು ಚೌಕವಾಗಿ ನಿಲ್ಲದೆ ಓರೆಯಾಗಿ ವಾಲಿತು. ಅತ್ತಿಗೆ ಬಿಚ್ಚಿದರು. ಎರಡು ಎಳೆಗಳನ್ನು ಒಟ್ಟಿಗೆ ಹಿಡಿದು, ರಾಟೆ ತಿರುಗಿದ್ದ ದಿಕ್ಕಿಗೆ ಎದುರಾಗಿ ಹೊಸೆದರು. ಒಂದರ ಸೆಳೆತವನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ. ಲಡಿ ಮಾಡಿ ಅಂಟುವಾಳದ ನೀರಿನಲ್ಲಿ ನೆನೆಸಿದಾಗ ಮನೆಯೆಲ್ಲ ಕುರಿರೊಪ್ಪದ ವಾಸನೆ. ಅಣ್ಣನಿಗೆ ಅದು ಹಿಡಿಸಿತು. ತಾತನ ಪಕ್ಕ ಮಲಗಿದ ಹಾಗಿದೆ ಅಂದ.

8ನೇ ನಂಬರಿನ ಕಡ್ಡಿ, ಎರಡೂ ಕಡೆ ಬರೀ ಸೀದಾ ಹೆಣಿಗೆ. ಹಾಗೆ ಹೆಣೆದರೆ ಬಟ್ಟೆ ದಪ್ಪ ಬರುತ್ತದೆ, ಅಂಚು ಸುರುಳುವುದಿಲ್ಲ. ಎರಡಡಿ ಚೌಕದ ಆಸನ, ಅಣ್ಣ ದೇವರ ಮುಂದೆ ಕೂರಲು. ನೆಲದ ತಂಪು ಅವನ ಮಂಡಿಗೆ ಆಗುವುದಿಲ್ಲ. ಕಾಲಿನ ಕೆಳಗೆ ಒರಟು ತೊಂದರೆಯಲ್ಲ, ಬೇಕಾದದ್ದೇ ಅದು. ಹನ್ನೊಂದು ದಿನ ಹಿಡಿಯಿತು. ಸಿದ್ಧರಬೆಟ್ಟದ ಕಡೆಯಿಂದ ಇಬ್ಬನಿ ಇಳಿಯುವ ಈ ಬೆಳಗುಗಳಲ್ಲಿ ಅವನು ಅದನ್ನು ಬಿಟ್ಟು ಏಳುವುದು ನಿಧಾನವಾಗಿದೆ.

*

ಮಗು ಬಂತು. ಹೆಣ್ಣು. ಹಳದಿ ಸ್ವೆಟರ್ ಕಂಕುಳಲ್ಲಿ ಹಿಡಿಯುತ್ತಿಲ್ಲ.

*

ಕ್ಯಾಲೆಂಡರ್ ಹೊಸದಾಗಿದೆ. ಸಂಕ್ರಾಂತಿಯ ನಂತರದ ಚೌಕಗಳಲ್ಲಿ ಅತ್ತಿಗೆ ಬರೆದಿದ್ದಾರೆ: "ಆಸನ, ಸಂಘದವರಿಗೆ 4". ಅದರ ಕೆಳಗೆ "ಅಜ್ಜಿ ಹತ್ತಿರ ನೂಲು ಹೇಳಬೇಕು". ಸಂಘದ ಹೆಂಗಸರು ಆಸನ ಮುಟ್ಟಿ ನೋಡಿದ ಮೇಲೆ ತಾವೇ ಕೇಳಿದ್ದಂತೆ. ನಾಲ್ಕು ಆಸನದಿಂದ ಒಂದು ಮಗ್ಗ ಮತ್ತೆ ಆಡುವುದಿಲ್ಲ, ನನಗೆ ಗೊತ್ತು. ಆದರೆ ಆ ಜಗಲಿಯ ರಾಟೆ ಇನ್ನು ಕೆಲವು ತಿಂಗಳು ತಿರುಗುತ್ತದೆ. ಅದನ್ನು ನೋಡಿ ಪಕ್ಕದ ಮನೆಯ ಹುಡುಗಿಯೊಬ್ಬಳು ಎಳೆ ತೆಗೆಯುವುದು ಕಲಿತರೆ ಆ ಕೈಯ ವಿದ್ಯೆ ಇನ್ನೊಂದು ತಲೆಮಾರು ದಾಟುತ್ತದೆ.

ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆಯ ಕಡೆ ನಿಮ್ಮ ಊರಲ್ಲಿ ಇಂಥ ರಾಟೆ ಇನ್ನೂ ತಿರುಗುತ್ತಿದ್ದರೆ ಆ ಜಗಲಿಗೆ ಹೋಗಿ. ಕಂಬಳಿಯೇ ಬೇಕೆಂದಿಲ್ಲ, ನೂಲನ್ನೇ ಕೇಳಿ. ಅವರು ಬೆಲೆ ಹೇಳಲು ಹಿಂಜರಿದರೆ ನೀವೇ ಒಳ್ಳೆಯ ಬೆಲೆ ಹೇಳಿ, ಒಂದು ಉಂಡೆ ಹೆಚ್ಚಿಗೆ ಕೊಳ್ಳಿ.